ಹಳೆಯ ಬಾಗಿಲು, ಹಳೆಯ ಬಾಡಿಗೆ

ಪೋರ್ಚುಗಲ್ಲಿನ ಲಿಸ್ಬನ್ ನಗರಕ್ಕೆ ಹೋದ ಮಾರನೆಯ ದಿನ ನಾನು ನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದೆ. ಅವುಗಳಲ್ಲಿ ಒಂದರಲ್ಲೂ ಮನುಷ್ಯರಿರಲಿಲ್ಲ. ಅಂದು ಭಾನುವಾರವೆಂಬುದು ಪ್ರಯಾಣದ ಮಂಪರಿನಲ್ಲಿ ಮರೆತುಹೋಗಿತ್ತು. ಬೆಳಗ್ಗೆ ಎಂಟಕ್ಕೇ ಮಗಳ ಮನೆಯಿಂದ ಹೊರಟು, ನದಿಯ ಕಡೆಗೆ ಇಳಿಯುವ ಬೀದಿಗಳಲ್ಲಿ ಮಧ್ಯಾಹ್ನದವರೆಗೂ ಅಲೆದು, ಕಡುಹಸಿರು ಬಣ್ಣದ ಕದಗಳು, ಗಾಜಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳನ್ನು ಬರೆಸಿಕೊಂಡ ಅಂಗಡಿಗಳು, ಹಿತ್ತಾಳೆಯ ಹಿಡಿಕೆಗಳು, ಹೊಸ್ತಿಲ ಮುಂದೆ ಕಪ್ಪು ಬಿಳಿ ಸುಣ್ಣಕಲ್ಲಿನ ತುಂಡುಗಳನ್ನು ಜೋಡಿಸಿ ಮಾಡಿದ ಕಾಲುದಾರಿಗಳು, ಎಲ್ಲವನ್ನೂ ಕ್ಯಾಮೆರಾದಲ್ಲಿ ತುಂಬಿಕೊಂಡು ಬಂದೆ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ನನ್ನ ಹೆಂಡತಿ ಇಪ್ಪತ್ತು ಚಿತ್ರಗಳವರೆಗೆ ತಾಳ್ಮೆಯಿಂದ ನೋಡಿ, "ಎಲ್ಲ ಅಂಗಡಿಯೂ ಮುಚ್ಚಿದೆಯಲ್ರೀ, ಊರಲ್ಲಿ ಬಂದ್ ಇತ್ತೇನು?" ಎಂದು ಕೇಳಿದಳು. ಮುಂಬಯಿಯ ಮಾಟುಂಗದಲ್ಲಿ ಮೂವತ್ತೈದು ವರ್ಷ ಬಾಳಿದವಳಿಗೆ ಸಾಲುಸಾಲಾಗಿ ಮುಚ್ಚಿದ ಬಾಗಿಲುಗಳನ್ನು ಕಂಡರೆ ಮೊದಲು ಹೊಳೆಯುವುದು ಅದೇ.

ಮಾತು ಚುಚ್ಚಿತು, ಏಕೆಂದರೆ ಅದರಲ್ಲಿ ಹುರುಳಿತ್ತು. ಚಿತ್ರಗಳು ಕ್ಯಾಲೆಂಡರಿಗೆ ಹಾಕಿಸುವಷ್ಟು ಚೆನ್ನಾಗಿದ್ದವು. ಆದರೆ ಯಾವ ಅಂಗಡಿಯಲ್ಲಿ ಏನು ಮಾರುತ್ತಾರೆ, ವ್ಯಾಪಾರ ನಡೆಯುತ್ತಿದೆಯೋ ಎಂದೋ ನಿಂತುಹೋಗಿದೆಯೋ ಎಂಬುದು ಅವುಗಳಿಂದ ತಿಳಿಯುವಂತಿರಲಿಲ್ಲ. ಮೂವತ್ತು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು, ಗಿರಗಾಂವ್, ಕಾಳಬಾದೇವಿ, ಫೋರ್ಟ್ ಕಡೆಯ ಅಂಗಡಿಗಳಿಗೆ ತಪಾಸಣೆಗೆ ಹೋಗುತ್ತಿದ್ದವನು ನಾನು. ಅಂಗಡಿಯ ಮೆಟ್ಟಿಲೇರುವಾಗಲೇ ದಾಸ್ತಾನು ಎಷ್ಟಿದೆ, ಗಿರಾಕಿಗಳು ಬರುತ್ತಾರೆಯೇ, ಜಾಗ ಸ್ವಂತದ್ದೋ ಬಾಡಿಗೆಯದೋ ಎಂದು ಲೆಕ್ಕ ಹಾಕುತ್ತಿದ್ದವನು ಪರದೇಶದಲ್ಲಿ ಬಣ್ಣಕ್ಕೆ ಮರುಳಾಗಿದ್ದೆ. ಉಳಿದ ಹದಿನೈದು ದಿನಗಳಲ್ಲಿ ಹಳೆಯ ಬಾಗಿಲುಗಳನ್ನೂ ಅಂಗಡಿ ಮುಂಗಟ್ಟುಗಳನ್ನೂ ನಾನು ನೋಡಿದ ರೀತಿ ಬೇರೆಯಾಯಿತು.

ಬಾಗಿಲುಗಳನ್ನು ಹೋಲಿಸಿ ನೋಡುವವರಿಗೆ ಲಿಸ್ಬನ್ನಿನಷ್ಟು ಅನುಕೂಲದ ಊರು ಕಡಿಮೆ. 1755ರ ನವೆಂಬರ್ 1ರಂದು ಆದ ಭೂಕಂಪ, ಅದರ ಬೆನ್ನಿಗೇ ಬಂದ ಸಮುದ್ರದ ಅಲೆಗಳು ಮತ್ತು ಬೆಂಕಿ ನದೀತೀರದ ಬೈಶಾ ಪ್ರದೇಶವನ್ನು ನೆಲಸಮ ಮಾಡಿದವು. ಪೊಂಬಾಲ್ ಎಂದು ಹೆಸರಾದ ಮಂತ್ರಿಯ ಮೇಲ್ವಿಚಾರಣೆಯಲ್ಲಿ ಅದನ್ನು ಮತ್ತೆ ಕಟ್ಟುವಾಗ ಗೋಡೆಗಳ ಒಳಗೆ ಮರದ ಅಡ್ಡಪಟ್ಟಿಗಳ ಹಂದರವನ್ನು ಸೇರಿಸಿ, ಭೂಮಿ ಅಲುಗಿದರೂ ಕಟ್ಟಡ ಬೀಳದಂತೆ ಮಾಡಿದರು. ಆ ಹಂದರಕ್ಕೆ ಅಲ್ಲಿನವರು ಇಟ್ಟ ಹೆಸರು ಗಾಯೋಲಾ, ಅಂದರೆ ಪಂಜರ. ಕೆಲಸ ಬೇಗ ಮುಗಿಯಲೆಂದು ಕಟ್ಟಡದ ಭಾಗಗಳನ್ನು ಗೊತ್ತಾದ ಅಳತೆಯಲ್ಲಿ ಬೇರೆಡೆ ತಯಾರಿಸಿ ತಂದು ಜೋಡಿಸಿದರು. ಆದ್ದರಿಂದ ಬೈಶಾದ ಬಾಗಿಲುಗಳು ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಅಲ್ಲಿಂದ ಹತ್ತು ನಿಮಿಷ ಏರು ಹತ್ತಿದರೆ ಸಿಗುವ ಆಲ್ಫಾಮಾದ ಹೆಚ್ಚಿನ ಭಾಗ ಭೂಕಂಪದಿಂದ ಪಾರಾಗಿತ್ತು. ಅಲ್ಲಿ ಒಂದು ಬಾಗಿಲಿನಂತೆ ಇನ್ನೊಂದಿಲ್ಲ. ಕೆಲವು ಎಷ್ಟು ಕುಳ್ಳಗಿವೆಯೆಂದರೆ ನನ್ನಂಥ ಐದೂವರೆ ಅಡಿಯವನೂ ತಲೆ ಬಗ್ಗಿಸಬೇಕು.

ಅಂಥ ಒಂದು ಬಾಗಿಲ ಮುಂದೆ ನಾನು ಅರ್ಧ ಗಂಟೆ ಕಳೆದೆ. ಕದದ ಕೆಂಪು ಬಣ್ಣ ಬುಡದಲ್ಲಿ ಗೇಣುದ್ದ ಸಿಪ್ಪೆಯೆದ್ದು, ಅದರ ಕೆಳಗಿನ ನೀಲಿಯೂ ಅದಕ್ಕೂ ಕೆಳಗಿನ ಬೂದು ಬಣ್ಣವೂ ಕಾಣುತ್ತಿದ್ದವು. ಎದೆಯ ಎತ್ತರದಲ್ಲಿ, ಬಾಗಿಲು ಬಡಿಯುವುದಕ್ಕೆಂದು, ಗುಂಡೊಂದನ್ನು ಹಿಡಿದ ಹೆಂಗಸಿನ ಕೈಯ ಆಕಾರದ ಹಿತ್ತಾಳೆಯ ಬಡಿಗೆ ನೇತಾಡುತ್ತಿತ್ತು. ಪೋರ್ಚುಗಲ್ಲಿನ ಹಳೆಯ ಮನೆಗಳಲ್ಲಿ ಇಂಥ ಕೈಗಳನ್ನು ಎಲ್ಲೆಲ್ಲೂ ಕಾಣಬಹುದು. ಈ ಕೈಯ ತೋಳಪಟ್ಟಿಯ ಮೇಲೆ ಕಸೂತಿಯ ಅಂಚನ್ನು ಕೊರೆದಿದ್ದರು. ಉಂಗುರದ ಬೆರಳಿನಲ್ಲಿ ಉಂಗುರವಿತ್ತು. ಜನ ಹಿಡಿದು ಬಡಿಯುವ ಬೆರಳ ಗೆಣ್ಣುಗಳು ಸವೆದು ಹೊಳೆಯುತ್ತಿದ್ದವು, ಯಾರ ಕೈಯೂ ತಾಗದ ಕಸೂತಿಯ ಸಂದುಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ಈ ಹೊಳಪಿಗೂ ಕಿಲುಬಿಗೂ ನಡುವಿನ ಗೆರೆಯನ್ನು ಹಿಡಿಯಲು ಒದ್ದಾಡುತ್ತಿರುವಾಗಲೇ ಬಾಗಿಲು ತೆರೆದು, ಕೈಯಲ್ಲಿ ಚೀಲ ಹಿಡಿದ ಮುದುಕಿಯೊಬ್ಬರು ಎದುರಿಗೆ ನಿಂತರು. ನಾನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದು, ಮಗಳು ಕಲಿಸಿದ್ದ "ಬೊಂ ದಿಯಾ" ಹೇಳಿ, ಕ್ಯಾಮೆರಾ ತೋರಿಸಿದೆ. ಅವರು ಬಡಿಗೆಯನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋಗಿ ಒಂದು ಬಟ್ಟೆ ತಂದು ಆ ಹಿತ್ತಾಳೆಯ ಕೈಯನ್ನು ಚೆನ್ನಾಗಿ ಒರೆಸಿ, ಈಗ ತೆಗೆಯಿರಿ ಎಂಬಂತೆ ಸನ್ನೆ ಮಾಡಿದರು. ಫೋಟೊ ತೆಗೆಸುವ ಮುನ್ನ ನಮ್ಮಮ್ಮ ಸೆರಗಿನಿಂದ ನಮ್ಮ ಮುಖ ಒರೆಸುತ್ತಿದ್ದುದು ನೆನಪಾಯಿತು. ಒರೆಸಿದ ಮೇಲೆ ಬಂದದ್ದು ಸಾಧಾರಣ ಚಿತ್ರ, ಆದರೆ ಅದರಲ್ಲಿ ಬಟ್ಟೆ ಹಿಡಿದ ಅವರ ಕೈಯೂ ಇದೆ. ಮನೆಯಲ್ಲಿ ಚೌಕಟ್ಟು ಹಾಕಿಸಿರುವುದು ಅದನ್ನೇ.

ಚಿತ್ರ ತೆಗೆಯುವ ಕೌಶಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಅಭ್ಯಾಸಿ ಮಾತ್ರ. ಇಕ್ಕಟ್ಟಿನ ಓಣಿಯಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಬಾಗಿಲಿನ ಎರಡು ನಿಲುವುಗಳೂ ಮೇಲೆ ಒಂದಕ್ಕೊಂದು ವಾಲಿಕೊಳ್ಳುತ್ತವೆ. ಬಾಗಿಲಿನ ಅರ್ಧ ಎತ್ತರಕ್ಕೆ ಕ್ಯಾಮೆರಾ ಬರುವಂತೆ ಕುಕ್ಕರಿಸಿ ನೇರವಾಗಿ ಹಿಡಿಯುವುದೇ ಇದಕ್ಕೆ ಮದ್ದು, ಮೊಣಕಾಲು ಒಪ್ಪಿದರೆ. ಅಂಗಡಿಯ ಗಾಜಿನದು ಬೇರೆಯೇ ಪಾಡು. ಪ್ರತಿಫಲನ ಕಳೆಯುತ್ತದೆಂದು ಹೇಳಿ ದಾದರಿನಲ್ಲಿ ಒಬ್ಬರು ನನಗೆ ಪೋಲರೈಸರ್ ಎಂಬ ದುಬಾರಿ ಫಿಲ್ಟರ್ ಮಾರಿದ್ದರು. ಗಾಜಿಗೆ ನೇರ ಎದುರಾಗಿ ನಿಂತರೆ ಅದರಿಂದ ಏನೂ ಉಪಯೋಗವಿಲ್ಲ. ಓರೆಯಾಗಿ, ಗಾಜಿನ ಲಂಬಕ್ಕೆ ಸುಮಾರು 56 ಡಿಗ್ರಿ ಕೋನದಲ್ಲಿ ನಿಂತಾಗ ಮಾತ್ರ ಅದು ತನ್ನ ಕೆಲಸವನ್ನು ಪೂರ್ತಿ ಮಾಡುತ್ತದೆ. ಸಂಜೆ, ಒಳಗಿನ ದೀಪ ಹೊತ್ತಿ ಹೊರಗೆ ಇನ್ನೂ ಸ್ವಲ್ಪ ಬೆಳಕು ಉಳಿದಿರುವ ಇಪ್ಪತ್ತು ನಿಮಿಷಗಳಲ್ಲಿ ಯಾವ ಫಿಲ್ಟರೂ ಬೇಕಾಗಿಲ್ಲ. ಆ ಹೊತ್ತಿಗೆ ಅಂಗಡಿ ತೆರೆದಿರಬೇಕು, ಅಷ್ಟೆ.

ತೆರೆದ ಅಂಗಡಿಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ರೂವಾ ದು ಕಾರ್ಮು ಬೀದಿಯ ಕೈಗವಸಿನ ಅಂಗಡಿ, ಲುವಾರಿಯಾ ಉಲಿಸೆಸ್. 1925ರಿಂದ ಅಲ್ಲಿದೆ. ಅದರ ಕಲ್ಲಿನ ಮುಂಗಟ್ಟು ಸಣ್ಣದೊಂದು ಗುಡಿಯ ಬಾಗಿಲವಾಡದಂತಿದೆ. ಒಳಗಿನ ಜಾಗ ನಮ್ಮ ಮುಂಬಯಿಯ ಚಾಳುಗಳಲ್ಲಿ ಮೋರಿ ಎನ್ನುವ ಬಚ್ಚಲ ಮೂಲೆಗಿಂತ ಸ್ವಲ್ಪ ದೊಡ್ಡದು, ಹೀಗಾಗಿ ಇಬ್ಬರು ಗಿರಾಕಿಗಳು ಒಳಗಿದ್ದರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು. 1988ರ ಆಗಸ್ಟ್ 25ರಂದು ಶಿಯಾದು ಪ್ರದೇಶಕ್ಕೆ ಬೆಂಕಿ ಬಿದ್ದು ಈ ಬೀದಿಯ ದೊಡ್ಡ ದೊಡ್ಡ ಮಳಿಗೆಗಳು ಸುಟ್ಟುಹೋದವು, ಅವನ್ನು ಮತ್ತೆ ಕಟ್ಟುವ ಯೋಜನೆಯನ್ನು ವಾಸ್ತುಶಿಲ್ಪಿ ಆಲ್ವಾರು ಸೀಜಾ ಅವರು ರೂಪಿಸಿದರು. ಈ ಗೂಡಿನಂಥ ಅಂಗಡಿ ಮಾತ್ರ ಇಂದಿಗೂ ಇದೆ. ಹೊರಗಿನಿಂದ ಚಿತ್ರ ತೆಗೆದು ಹೊರಟುಬಿಡಬಹುದಾಗಿತ್ತು. ನಾನು ಸರದಿಯಲ್ಲಿ ನಿಂತೆ. ಮುಂದಿದ್ದ ಹೆಂಗಸು ಗಲ್ಲಾದ ಮೇಲಿನ ಪುಟ್ಟ ದಿಂಬಿನ ಮೇಲೆ ಮೊಣಕೈಯೂರಿ ಅಂಗೈಯನ್ನು ಮೇಲೆತ್ತಿ ಹಿಡಿದರು. ಮಾರುವವರು ಮರದ ಇಕ್ಕಳದಿಂದ ಗವಸಿನ ಬೆರಳುಗಳನ್ನು ಒಂದೊಂದಾಗಿ ಹಿಗ್ಗಿಸಿ, ಒಳಗೆ ಚಿಟಿಕೆ ಪೌಡರ್ ಉದುರಿಸಿ, ಬಳೆಗಾರರು ಬಳೆ ತೊಡಿಸುವ ನಾಜೂಕಿನಿಂದ ಅದನ್ನು ಕೈಗೆ ಏರಿಸಿದರು. ಅನುಮತಿ ಕೇಳಿ ನಾಲ್ಕು ಚಿತ್ರ ತೆಗೆದೆ. ಅಷ್ಟು ಹೊತ್ತು ಅವರ ಜಾಗವನ್ನು ಆಕ್ರಮಿಸಿದ ಮೇಲೆ ಬರಿಗೈಯಲ್ಲಿ ಹೊರಡುವುದು ಸರಿಯಲ್ಲವೆನಿಸಿ ಹೆಂಡತಿಗೊಂದು ಜೊತೆ ಕೊಂಡೆ. ಮುಂಬಯಿಯ ಹವೆಯಲ್ಲಿ ಅದು ಗೋದ್ರೇಜ್ ಕಪಾಟಿನೊಳಗೆ ನುಸಿಗುಳಿಗೆಗಳ ಜೊತೆ ಮಲಗಿದೆ.

ಇಷ್ಟು ಚಿಕ್ಕ ಅಂಗಡಿ, ಇಷ್ಟು ಬೆಲೆಬಾಳುವ ಬೀದಿಯಲ್ಲಿ, ನೂರು ವರ್ಷ ಹೇಗೆ ಉಳಿಯಿತು? ಬಾಗಿಲುಗಳ ಚಿತ್ರ ತೆಗೆಯುವವರು ಸಾಮಾನ್ಯವಾಗಿ ಈ ಪ್ರಶ್ನೆ ಕೇಳುವುದಿಲ್ಲ. ನನಗೆ ಅದನ್ನು ಬಿಟ್ಟು ಬೇರೇನೂ ಹೊಳೆಯಲಿಲ್ಲ. ಕುಶಲತೆ, ನಿಷ್ಠೆ, ಗಿರಾಕಿಗಳ ಪ್ರೀತಿ ಎಲ್ಲವೂ ಇರಬಹುದು, ಆದರೆ ಯಾವ ಊರಿನಲ್ಲೇ ಆಗಲಿ ಹಳೆಯ ಮುಂಗಟ್ಟುಗಳು ಸಾಲಾಗಿ ಉಳಿದಿದ್ದರೆ ಅವುಗಳ ಹಿಂದೆ ಹಳೆಯ ಬಾಡಿಗೆ ಇರುತ್ತದೆಂಬುದು ನನ್ನ ಅನುಭವ. ಲಿಸ್ಬನ್ ಮತ್ತು ಪೋರ್ಟೋ ನಗರಗಳಲ್ಲಿ ಮನೆಬಾಡಿಗೆಯನ್ನು ಏರಿಸದಂತೆ ಕಟ್ಟಿಹಾಕಿದ ಕಾನೂನು ಬಂದದ್ದು 1948ರಲ್ಲಿ. ನಮ್ಮ ಮುಂಬಯಿಯ ಹಳೆಯ ಬಾಡಿಗೆ ಕಾಯ್ದೆ 1947ರದು. ಅದು 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿತ್ತು. ಎರಡೂ ಕಡೆ ಫಲ ಒಂದೇ ಆಯಿತು: ಬಾಡಿಗೆದಾರ ಉಳಿದ, ಕಟ್ಟಡದ ರಿಪೇರಿಗೆ ಮಾಲೀಕ ಕೈಹಾಕಲಿಲ್ಲ, ಹಾಗಾಗಿ ಹಳೆಯ ಕದವನ್ನು ಬದಲಿಸುವ ಗೋಜಿಗೂ ಯಾರೂ ಹೋಗಲಿಲ್ಲ. ನಾವು ಮೆಚ್ಚಿ ಚಿತ್ರ ತೆಗೆಯುವ ಸಿಪ್ಪೆಯೆದ್ದ ಬಣ್ಣದಲ್ಲಿ ಅರ್ಧಪಾಲು ಈ ಜಗಳದ ಫಲ.

ಪೋರ್ಚುಗಲ್ 2012ರಲ್ಲಿ ಬಾಡಿಗೆಯ ಕಟ್ಟುಗಳನ್ನು ಸಡಿಲಿಸಿತು. ಪ್ರವಾಸಿಗರು ಹೆಚ್ಚಿದಂತೆ ಹಳೆಯ ಅಂಗಡಿಗಳ ಜಾಗಕ್ಕೆ ಹೋಟೆಲುಗಳೂ ನೆನಪಿನ ಕಾಣಿಕೆಗಳ ಮಳಿಗೆಗಳೂ ಬಂದವು. ಅಂದರೆ ಹಳೆಯ ಬಾಗಿಲನ್ನು ನೋಡಲು ಬಂದ ನನ್ನಂಥವರೇ ಆ ಬಾಗಿಲಿಗೆ ಕುತ್ತು ತಂದೆವು. ಲಿಸ್ಬನ್ನಿನ ನಗರಸಭೆ 2015ರಲ್ಲಿ ಲೋಜಾಸ್ ಕೊಂ ಇಸ್ತೋರಿಯಾ, ಎಂದರೆ ಇತಿಹಾಸವಿರುವ ಅಂಗಡಿಗಳು, ಎಂಬ ಯೋಜನೆಯನ್ನು ಆರಂಭಿಸಿತು. 2017ರಲ್ಲಿ ಅಂಥ ಅಂಗಡಿಗಳನ್ನು ಗುರುತಿಸಿ ರಕ್ಷಿಸುವ ಕಾನೂನು ದೇಶಕ್ಕೆಲ್ಲ ಬಂತು. ಮುಂಗಟ್ಟನ್ನು ಮಾತ್ರವಲ್ಲ, ಒಳಗಿನ ಕಸುಬನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಈ ಏರ್ಪಾಡಿನ ಒಳ್ಳೆಯ ಗುಣವೆಂದು ನನಗೆ ತೋರುತ್ತದೆ. ಹಳೆಯ ಔಷಧದಂಗಡಿಯ ಬಾಗಿಲನ್ನು ಹಾಗೆಯೇ ಇಟ್ಟುಕೊಂಡು ಒಳಗೆ ಬರ್ಗರ್ ಮಾರಿದರೆ ಉಳಿಯುವುದು ಮುಖವಾಡ ಮಾತ್ರ.

ಪೋರ್ಟೋದಲ್ಲಿ ಮೂರು ದಿನವಿದ್ದೆವು. ಅಲ್ಲಿನ ಟೈಲ್ಸ್ ಹಚ್ಚಿದ ಗೋಡೆಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಆದರೆ ಒಂದು ಮೂಲೆಯಲ್ಲಿ ರೂವಾ ದ 31 ದ ಜನೆಯ್ರು ಎಂಬ ಬೀದಿಯ ಹೆಸರನ್ನು ಓದಿ ಹೆಂಡತಿ ನಿಂತುಬಿಟ್ಟಳು. ಇದೇ ಹೆಸರಿನ ಬೀದಿ ಪಣಜಿಯ ಫೊಂಟೇನ್ಹಾಸ್ ಬಡಾವಣೆಯಲ್ಲಿದೆ. ಕುಮಟೆಗೆ ಹೋಗುವಾಗ ಗೋವಾದಲ್ಲಿ ಇಳಿದ ಎಷ್ಟೋ ಸಲ ನಾವು ಅಲ್ಲಿ ನಡೆದಿದ್ದೇವೆ. ಪೋರ್ಟೋದ ಬೀದಿಗೆ ಆ ಹೆಸರು ಬಂದದ್ದು 1891ರ ಜನವರಿ 31ರಂದು ಅಲ್ಲಿ ನಡೆದ ಗಣರಾಜ್ಯವಾದಿಗಳ ದಂಗೆಯಿಂದ. ಪಣಜಿಯ ಬೀದಿ ಅದಕ್ಕಿಂತ ಸಪೂರ, ಅದರ ಬಾಗಿಲುಗಳು ಅಗಲ, ಕೆಲವು ಕಿಟಕಿಗಳಲ್ಲಿ ಗಾಜಿನ ಬದಲು ತೆಳುವಾದ ಸಿಂಪಿಯ ಚಿಪ್ಪುಗಳನ್ನು ಕೂರಿಸಿದ್ದಾರೆ. ಆ ಚಿಪ್ಪುಗಳ ಮೂಲಕ ಬರುವ ಹಾಲುಬಣ್ಣದ ಬೆಳಕು ನನಗೆ ಪೋರ್ಚುಗಲ್ಲಿನ ಯಾವ ಕಿಟಕಿಯಲ್ಲೂ ಕಾಣಸಿಗಲಿಲ್ಲ. ಇತ್ತೀಚೆಗೆ ಫೊಂಟೇನ್ಹಾಸಿನ ಅನೇಕ ಮನೆಗಳವರು ಫೋಟೊ ತೆಗೆಯಬೇಡಿ ಎಂದು ಫಲಕ ಹಾಕಿದ್ದಾರೆ. ಮದುವೆಗೆ ಮುಂಚಿನ ಫೋಟೊಗಳಿಗೆಂದು ಬಂದವರು ಅವರ ಮೆಟ್ಟಿಲುಗಳ ಮೇಲೆ ಬಟ್ಟೆಗಳ ಪೆಟ್ಟಿಗೆಯನ್ನೇ ಬಿಚ್ಚಿ ಕೂರುವುದನ್ನು ಕಣ್ಣಾರೆ ಕಂಡಿರುವುದರಿಂದ ಆ ಫಲಕಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಆಲ್ಫಾಮಾದ ಮುದುಕಿ ಬಟ್ಟೆಯ ಬದಲು ಬಕೆಟ್ ತಂದಿದ್ದರೂ ನಾನು ತೆಪ್ಪಗೆ ಹೊರಡಬೇಕಾಗಿತ್ತು.

ಮಾಟುಂಗಕ್ಕೆ ಮರಳಿದ ಮೇಲೆ ಹಳೆಯ ಚಿತ್ರಗಳ ಪೆಟ್ಟಿಗೆಗಳನ್ನು ಕೆದಕಿದೆ. ಫೋರ್ಟಿನ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ನೆನಪಾಗಿತ್ತು. 1948ರಲ್ಲಿ ಶಾನಭಾಗರು ಆರಂಭಿಸಿದ ಆ ಪುಸ್ತಕದಂಗಡಿ 2018ರಲ್ಲಿ ಮುಚ್ಚಿತು. ಸಂಬಳದ ದಿನ ಬ್ಯಾಂಕಿನಿಂದ ನೇರ ಅಲ್ಲಿಗೆ ಹೋಗುತ್ತಿದ್ದ ನನ್ನಲ್ಲಿ ಅದರ ಒಂದೇ ಚಿತ್ರವಿದೆ, ಮುಚ್ಚಿದ ಮೇಲೆ ತೆಗೆದದ್ದು, ಶಟರಿನ ಚಿತ್ರ. ಬೇರೆ ಅಂಗಡಿಗಳ ಮುಖಗಳೂ ಬದಲಾಗಿವೆ. ನಾಮಫಲಕಗಳಲ್ಲಿ ಮರಾಠಿ ಎದ್ದುಕಾಣಬೇಕೆಂಬ 2022ರ ನಿಯಮವನ್ನು ಎರಡು ತಿಂಗಳಲ್ಲಿ ಪಾಲಿಸುವಂತೆ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಹೇಳಿದಾಗ ಅನೇಕರು ಹಳೆಯ ಮರದ ಫಲಕಗಳನ್ನೇ ಕಿತ್ತುಹಾಕಿದರು. ಮರಾಠಿ ಬರೆಸಬೇಕಾದದ್ದು ನ್ಯಾಯವೇ; ಆ ಕೆಲಸವನ್ನು ಕುಂಚ ಹಿಡಿದ ಪೇಂಟರಿಗೆ ಕೊಡದೆ ಎಲ್‌ಇಡಿ ಫಲಕದವರಿಗೆ ಕೊಟ್ಟದ್ದು ಮಾತ್ರ ನನಗೆ ಸರಿತೋರಲಿಲ್ಲ.

ನಾವು ಕಾಫಿಪುಡಿ ತರುವ ಅಂಗಡಿಗೆ ಇನ್ನೂ ಹಲಗೆ ಬಾಗಿಲು. ಮೇಲೆ ಕೆಳಗೆ ಕೊರೆದ ಜಾಡುಗಳಿರುವ ಚೌಕಟ್ಟಿನಲ್ಲಿ ಒಂಬತ್ತು ಹಲಗೆಗಳನ್ನು ಒಂದರ ಪಕ್ಕ ಒಂದರಂತೆ ಸರಿಸಿ ನಿಲ್ಲಿಸಿ, ಅಡ್ಡಲಾಗಿ ಕಬ್ಬಿಣದ ಪಟ್ಟಿ ಹಾಕಿ ಬೀಗ ಜಡಿಯುತ್ತಾರೆ. ಕಟ್ಟಡ ಪಗಡಿಯದು, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಾಯಂ ಬಾಡಿಗೆದಾರರಾಗುವ ಹಳೆಯ ಪದ್ಧತಿಯದು; ಮರುನಿರ್ಮಾಣದ ಮಾತು ನಡೆದಿದೆ. ಒಂದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ, ಒಳಗೆ ಯಂತ್ರ ಓಡುತ್ತಿರುವಾಗ, ಎದುರಿನ ಫುಟ್‌ಪಾತಿನಲ್ಲಿ ನಿಂತು ಚಿತ್ರ ತೆಗೆದೆ. ಮಾಲೀಕರು ತಕ್ಕಡಿಯಿಂದ ತಲೆಯೆತ್ತಿ, "ಹಲಗೆ ನೋಡಬೇಕಾದರೆ ರಾತ್ರಿ ಒಂಬತ್ತಕ್ಕೆ ಬನ್ನಿ ಸಾರ್, ಈಗ ಗಿರಾಕಿ ಬರುವ ಹೊತ್ತು" ಎಂದರು. ರಾತ್ರಿ ಹೋದೆ. ಹಲಗೆಗಳ ಒಳಮೈಯಲ್ಲಿ, ಉಡುಪಿಯ ಕಡೆಯಿಂದ ಬಂದ ಅವರ ಅಜ್ಜ ಬರೆದಿಟ್ಟ ಕನ್ನಡ ಅಂಕಿಗಳಿದ್ದವು, ೧ರಿಂದ ೯ರವರೆಗೆ. ೪ರ ಜಾಗದಲ್ಲಿದ್ದದ್ದು ಪ್ಲೈವುಡ್ಡಿನ ಹೊಸ ಹಲಗೆ. ಅದರ ಮೇಲೆ ಮಗ ಮಾರ್ಕರಿನಲ್ಲಿ 4 ಎಂದು ಬರೆದಿದ್ದ. ಸರದಿ ತಪ್ಪಿದರೆ ಕೊನೆಯ ಹಲಗೆ ಕೂರುವುದಿಲ್ಲವಂತೆ. ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ಎರಡು ಹಲಗೆ ನಾನೂ ಎತ್ತಿಕೊಟ್ಟೆ. ಹಳೆಯ ಕಸುಬಿನ ಚಟ ಬಿಡದೆ, ಹೊರಡುವಾಗ ಬಾಡಿಗೆ ಎಷ್ಟು ಎಂದು ಕೇಳಿದೆ.

ಅವರು ಬೀಗ ಎಳೆದು ನೋಡುತ್ತಾ, "ನೀವು ಬೆಳಗ್ಗೆ ಒಯ್ದಿರಲ್ಲ ಅರ್ಧ ಕಿಲೋ ಪುಡಿ, ಅದಕ್ಕಿಂತ ಕಡಿಮೆ" ಎಂದರು.