ದೇವರು ಬಿಟ್ಟುಹೋಗಬಲ್ಲ ನಗರ

ಪ್ರಾಚೀನ ಇಸ್ರಾಯೇಲರ ಧಾರ್ಮಿಕ ಕಲ್ಪನೆಯಲ್ಲಿ ಯೆರೂಸಲೇಮಿಗೆ ಸಿಕ್ಕಿದ ಸ್ಥಾನವನ್ನು ಆ ಊರಿನ ಭೂಗೋಳದಿಂದ ವಿವರಿಸಲು ಹೊರಟವರು ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತಾರೆ. ಅಲ್ಲಿ ದೊಡ್ಡ ನದಿಯಿಲ್ಲ, ಬಂದರಿಲ್ಲ. ಈಜಿಪ್ಟಿನಿಂದ ಮೆಸೊಪೊಟೇಮಿಯಕ್ಕೆ ಹೋಗುವ ಮುಖ್ಯ ದಾರಿ ಅದನ್ನು ದೂರದಲ್ಲೇ ಬಿಟ್ಟು ಕರಾವಳಿಯ ಬಯಲಿನಲ್ಲಿ ಸಾಗುತ್ತದೆ. ಕ್ರಿ.ಪೂ. 1000ರ ಆಸುಪಾಸಿನಲ್ಲಿ ಇಸ್ರಾಯೇಲರ ಅರಸ ದಾವೀದನು ಅಲ್ಲಿ ನೆಲೆಸಿದ್ದ ಯೆಬೂಸಿಯರಿಂದ ಗೆದ್ದುಕೊಂಡನೆಂದು ಹೇಳಲಾಗುವ ಆ ಊರು ಕಿದ್ರೋನ್ ಕಣಿವೆಯ ಪಕ್ಕದ ಕಿರಿದಾದ ದಿಣ್ಣೆಯ ಮೇಲೆ ಕೆಲವೇ ಹೆಕ್ಟೇರುಗಳಷ್ಟು ಹರಡಿತ್ತು, ಮತ್ತು ಗೀಹೋನ್ ಎಂಬ ಬುಗ್ಗೆಯೇ ಅದರ ಜೀವಾಳವಾಗಿತ್ತು. ಅದು ಇಸ್ರಾಯೇಲರ ಮೂಲಸ್ಥಾನವೂ ಅಲ್ಲ. ದಾವೀದನಿಗೆ ಮೂರು ಶತಮಾನಕ್ಕೂ ಹಿಂದೆಯೇ ಅಲ್ಲಿ ಅಬ್ದಿ ಹೆಬಾ ಎಂಬ ಸಣ್ಣ ಅರಸನಿದ್ದ. ಸೈನ್ಯ ಕಳುಹಿಸಿಕೊಡಿ ಎಂದು ಅವನು ಫರೋಹನಿಗೆ ಅಂಗಲಾಚಿ ಬರೆಸಿದ ಮಣ್ಣಿನ ಹಲಗೆಗಳು ಈಜಿಪ್ಟಿನ ಅಮಾರ್ನಾದಲ್ಲಿ ಸಿಕ್ಕಿವೆ. ಅಬ್ರಹಾಮ ಮೊದಲಾದ ಮೂಲಪಿತೃಗಳ ಕಥೆಗಳಲ್ಲಿ ಬೇತೇಲ್, ಹೆಬ್ರೋನ್, ಶೆಕೆಮ್‌ಗಳು ಮತ್ತೆ ಮತ್ತೆ ಬರುತ್ತವೆ. ಬೈಬಲಿನ ಆರಂಭದಲ್ಲಿರುವ ಮೋಶೆಯ ಐದು ಗ್ರಂಥಗಳಲ್ಲಿ ಯೆರೂಸಲೇಮ್ ಎಂಬ ಹೆಸರು ಒಮ್ಮೆಯೂ ಬರುವುದಿಲ್ಲ. ಅವುಗಳಲ್ಲಿ ಕೊನೆಯದಾದ ಧರ್ಮೋಪದೇಶಕಾಂಡವು, ಇಸ್ರಾಯೇಲರ ದೇವರಾದ ಯೆಹೋವನು ಆರಿಸಿಕೊಳ್ಳುವ ಸ್ಥಳ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ.

ಹಾಗಾದರೆ ಈ ನಗರದ ಪಾವಿತ್ರ್ಯ ಅದರ ಮಣ್ಣಿನಲ್ಲಿ ಹುಟ್ಟಿದ್ದಲ್ಲ, ದೇವರು ಆರಿಸಿಕೊಂಡದ್ದರಿಂದ ಬಂದದ್ದು. ಆರಿಸಿಕೊಂಡವನು ಬಿಟ್ಟುಹೋಗಲೂಬಹುದು. ಮೊದಲನೆಯ ಮಾತನ್ನು ಬೈಬಲಿನ ಕೀರ್ತನೆಗಳನ್ನು ಕಟ್ಟಿದ ಕವಿಗಳು ಹಾಡಿದರು, ಎರಡನೆಯದನ್ನು ಪ್ರವಾದಿಗಳು ಹೇಳಿ ಪೆಟ್ಟು ತಿಂದರು. ಈ ಸಂಕೇತವು ನಗರದ ನಾಶವನ್ನೂ ದಾಟಿ ಉಳಿದದ್ದು ಎರಡನೆಯ ಮಾತಿನ ಬಲದಿಂದಲೇ ಎಂಬುದು ನನ್ನ ಅಭಿಪ್ರಾಯ.

ಕೀರ್ತನೆಗಳ ಯೆರೂಸಲೇಮು ಕಣ್ಣಿಗೆ ಕಾಣುವ ಯೆರೂಸಲೇಮಲ್ಲ. 48ನೆಯ ಕೀರ್ತನೆಯು ಚೀಯೋನ್ ಪರ್ವತವನ್ನು, ಅಂದರೆ ಯೆರೂಸಲೇಮಿನ ದೇವಾಲಯದ ಗುಡ್ಡವನ್ನು, ಉತ್ತರದ ತುತ್ತತುದಿಯಲ್ಲಿ ಇರಿಸುತ್ತದೆ. ಅದು ಭೂಲೋಕಕ್ಕೆಲ್ಲ ಆನಂದಕರವೆಂದು ಹಾಡುತ್ತದೆ. ದೇವಾಲಯ ನಿಂತಿದ್ದ ಗುಡ್ಡದ ಎತ್ತರ ಸಮುದ್ರಮಟ್ಟದಿಂದ ಸುಮಾರು 740 ಮೀಟರ್; ಎದುರಿಗಿರುವ ಎಣ್ಣೆಮರಗಳ ಗುಡ್ಡವೇ 800 ಮೀಟರನ್ನು ದಾಟಿ ಅದರ ಮೇಲೆ ಬಾಗಿ ನೋಡುತ್ತದೆ. ಉತ್ತರದ ಆ ಪರ್ವತ ಯಾವುದೆಂಬುದು 1929ರಿಂದ ಸಿರಿಯದ ಕರಾವಳಿಯ ಉಗಾರಿತ್‌ನಲ್ಲಿ ನಡೆದ ಉತ್ಖನನಗಳಿಂದ ಸ್ಪಷ್ಟವಾಯಿತು. ಅಲ್ಲಿ ದೊರೆತ ಪುರಾಣಕಾವ್ಯಗಳಲ್ಲಿ ಮಳೆ ಸಿಡಿಲುಗಳ ದೇವನಾದ ಬಾಳನ ಅರಮನೆ ಇರುವುದು ಸಾಫೋನ್ ಎಂಬ ಪರ್ವತದ ಮೇಲೆ. ಇಂದಿನ ಟರ್ಕಿ ಮತ್ತು ಸಿರಿಯದ ಗಡಿಯಲ್ಲಿ ಸಮುದ್ರದ ಅಂಚಿನಿಂದಲೇ ಸುಮಾರು 1,700 ಮೀಟರ್ ಎದ್ದುನಿಂತಿರುವ ಆ ಶಿಖರದ ಹಿರಿಮೆಯನ್ನು ಯೆರೂಸಲೇಮಿನ ಕವಿಗಳು ನಿಸ್ಸಂಕೋಚವಾಗಿ ತಮ್ಮ ತಗ್ಗು ಗುಡ್ಡಕ್ಕೆ ಹೊದಿಸಿದ್ದಾರೆ. 46ನೆಯ ಕೀರ್ತನೆಯಲ್ಲಿ ದೇವನಗರವನ್ನು ಸಂತೋಷಪಡಿಸುವ ನದಿಯೊಂದು ಹರಿಯುತ್ತದೆ. ಅಂಥ ನದಿ ಅಲ್ಲಿ ಎಂದೂ ಇರಲಿಲ್ಲ. ಆದರೆ ಊರಿನ ಬುಗ್ಗೆಯ ಹೆಸರಾದ ಗೀಹೋನ್, ಆದಿಕಾಂಡದಲ್ಲಿ ಏದೆನಿನಿಂದ ಹೊರಡುವ ನಾಲ್ಕು ಹೊಳೆಗಳಲ್ಲಿ ಒಂದರ ಹೆಸರೂ ಹೌದು. ಕಲ್ಪನೆಗೆ ಅಷ್ಟು ನೀರು ಸಾಕಾಗಿತ್ತು.

ಇದನ್ನು ಬರಿಯ ಅತಿಶಯೋಕ್ತಿ ಎಂದು ತಳ್ಳಿಹಾಕುವಂತಿಲ್ಲ. ಅಲೆಗಳು ಭೋರ್ಗರೆದು ಬೆಟ್ಟಗಳು ನಡುಗಿದರೂ ನಡುವೆ ಒಂದು ಸ್ಥಳ ಕದಲದೆ ನಿಲ್ಲುತ್ತದೆ, ಏಕೆಂದರೆ ದೇವರು ಅಲ್ಲಿದ್ದಾನೆ ಎಂಬುದು ಆ ಹಾಡುಗಳ ಒಟ್ಟು ನಂಬಿಕೆ. ಸೃಷ್ಟಿಯ ಆರಂಭದಲ್ಲಿ ಪ್ರಳಯಜಲವನ್ನು ಹದ್ದುಬಸ್ತಿನಲ್ಲಿಟ್ಟ ಶಕ್ತಿಯೇ ಶತ್ರುರಾಜರನ್ನೂ ಕೋಟೆಯ ಹೊರಗೆ ತಡೆಯುತ್ತದೆಂದು ಕವಿಗಳು ಭಾವಿಸಿದರು. ನಗರವನ್ನು ಸುತ್ತಿ ನೋಡಿರಿ, ಬುರುಜುಗಳನ್ನು ಎಣಿಸಿರಿ ಎಂದು 48ನೆಯ ಕೀರ್ತನೆಯು ಯಾತ್ರಿಕರನ್ನು ಆಹ್ವಾನಿಸುವಾಗ, ಕಲ್ಲಿನ ಗೋಡೆ ಮತ್ತು ದೇವರ ಸಾನ್ನಿಧ್ಯ ಒಂದೇ ಆಗಿಬಿಟ್ಟಿರುತ್ತವೆ.

ಈ ನಂಬಿಕೆಗೆ ಅಗ್ನಿಪರೀಕ್ಷೆ ಒದಗಿದ್ದು ಕ್ರಿ.ಪೂ. 701ರಲ್ಲಿ. ಅಶ್ಶೂರದ ಅರಸ ಸನ್ಹೇರೀಬನು ಯೆರೂಸಲೇಮು ರಾಜಧಾನಿಯಾಗಿದ್ದ ಯೆಹೂದ ರಾಜ್ಯದ 46 ಕೋಟೆಯ ಊರುಗಳನ್ನು ಹಿಡಿದೆನೆಂದೂ, ಅದರ ಅರಸ ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯಂತೆ ಕೂಡಿಹಾಕಿದೆನೆಂದೂ ತನ್ನ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. ನಗರವನ್ನು ಗೆದ್ದೆನೆಂದು ಮಾತ್ರ ಹೇಳಿಲ್ಲ. ಹಿಜ್ಕೀಯನ ಕಾಲದ್ದೆಂದು ಸಾಮಾನ್ಯವಾಗಿ ಹೇಳಲಾಗುವ, ಗೀಹೋನಿನ ನೀರನ್ನು ಕೋಟೆಯೊಳಗೆ ತರಲು ಬಂಡೆಯಲ್ಲಿ ಕೊರೆದ 533 ಮೀಟರ್ ಉದ್ದದ ಸುರಂಗ ಇಂದಿಗೂ ಇದೆ. ಅದರ ಗೋಡೆಯಲ್ಲಿ 1880ರಲ್ಲಿ ಕಂಡುಬಂದು ಈಗ ಇಸ್ತಾಂಬುಲಿನಲ್ಲಿರುವ ಆರು ಸಾಲಿನ ಶಾಸನವು ಎರಡು ತುದಿಗಳಿಂದ ಕೊರೆಯುತ್ತ ಬಂದ ಕೆಲಸಗಾರರ ಕಥೆಯನ್ನು ಹೇಳುತ್ತದೆ: ಇನ್ನು ಮೂರು ಮೊಳ ಬಾಕಿಯಿರುವಾಗ ಬಂಡೆಯ ಆಚೆಯಿಂದ ಒಬ್ಬನು ಇನ್ನೊಬ್ಬನನ್ನು ಕರೆಯುವ ದನಿ ಕೇಳಿಸಿತು, ಆಮೇಲೆ ಗುದ್ದಲಿಗೆ ಗುದ್ದಲಿ ಎದುರಾಗಿ ಬಡಿಯಿತು, ನೀರು ಕೊಳದತ್ತ ಹರಿಯಿತು. ಇಡೀ ಶಾಸನದಲ್ಲಿ ಅರಸನ ಹೆಸರಿಲ್ಲ. ಉಳಿದಿರುವ ಭಾಗದಲ್ಲಿ ದೇವರ ಹೆಸರೂ ಇಲ್ಲ. ಚೀಯೋನಿನ ಗೀತೆಗಳ ನದಿಯನ್ನೂ ಈ ಬೆವರಿನ ಕಾಲುವೆಯನ್ನೂ ಒಟ್ಟಿಗೆ ನೆನೆಯದೆ ಆ ಕಾಲವನ್ನು ಅರ್ಥಮಾಡಿಕೊಳ್ಳುವುದು ನನಗೆ ಸಾಧ್ಯವಾಗಿಲ್ಲ.

ಹಿಜ್ಕೀಯನು ಭಾರಿ ಕಪ್ಪವನ್ನು ತೆತ್ತನು. ಮೂವತ್ತು ತಲಾಂತು (ಅಂದಿನ ಒಂದು ತೂಕ) ಚಿನ್ನವೆಂದು ಅರಸುಗಳ ಗ್ರಂಥ ಮತ್ತು ಅಶ್ಶೂರದ ಶಾಸನ ಎರಡೂ ಒಪ್ಪುತ್ತವೆ, ಬೆಳ್ಳಿಯ ಲೆಕ್ಕದಲ್ಲಿ ಬೇರೆಯಾಗುತ್ತವೆ. ಆದರೆ ಜನರ ನೆನಪಿನಲ್ಲಿ ನಿಂತದ್ದು ಕಪ್ಪವಲ್ಲ, ಯೆಹೋವನ ದೂತನು ಒಂದೇ ರಾತ್ರಿಯಲ್ಲಿ ಶತ್ರುಪಾಳೆಯವನ್ನು ಸಂಹರಿಸಿದ ಕಥೆ. ಯೆಹೂದದ ಇನ್ನೊಂದು ಕೋಟೆಯ ಊರಾದ ಲಾಕೀಷ್ ಬಿದ್ದಿತು, ಯೆರೂಸಲೇಮು ಉಳಿಯಿತು. ಮುಂದೆ ಯೆಹೂದದ ಅರಸ ಯೋಷೀಯನು ಕ್ರಿ.ಪೂ. 622ರಲ್ಲಿ ಊರೂರಿನ ಪೂಜಾಸ್ಥಳಗಳನ್ನು ಕೆಡವಿಸಿ ಆರಾಧನೆಯನ್ನೆಲ್ಲ ಈ ಒಂದೇ ನಗರಕ್ಕೆ ತಂದು ನಿಲ್ಲಿಸಿದಾಗ ಅದರ ಭಾರ ಇನ್ನಷ್ಟು ಹೆಚ್ಚಿತು.

ನಂಬಿಕೆ ತಾಯಿತವಾದದ್ದು ಇಲ್ಲಿಯೇ. ಪ್ರವಾದಿ ಯೆರೆಮೀಯನು ದೇವಾಲಯದ ಬಾಗಿಲಲ್ಲಿ ನಿಂತು, ಯೆಹೋವನ ಆಲಯ, ಯೆಹೋವನ ಆಲಯ, ಯೆಹೋವನ ಆಲಯ ಎಂದು ಮೂರು ಸಲ ಜಪಿಸುವ ಜನರನ್ನು ಹೀಗಳೆಯುತ್ತಾನೆ: ಕದಿಯುವುದು, ಕೊಲ್ಲುವುದು, ಸುಳ್ಳಾಣೆ ಇಡುವುದು ಎಲ್ಲವನ್ನೂ ಮಾಡಿ ಇಲ್ಲಿಗೆ ಬಂದು ಪಾರಾದೆವು ಎನ್ನುತ್ತೀರಲ್ಲ, ಶೀಲೋವಿಗೆ ಹೋಗಿ ನೋಡಿರಿ. ಹಿಂದೊಮ್ಮೆ, ದೇವರ ಸಾನ್ನಿಧ್ಯದ ಗುರುತಾದ ಒಡಂಬಡಿಕೆಯ ಮಂಜೂಷವಿದ್ದ ಶೀಲೋ ಆಗ ಹಾಳುಬಿದ್ದಿತ್ತು. ಈ ಮಾತಿಗಾಗಿ ಅವನನ್ನು ಕೊಲ್ಲಬೇಕೆಂದು ಯಾಜಕರು ಪಟ್ಟುಹಿಡಿದಾಗ ಕೆಲವು ಹಿರಿಯರು ಎದ್ದು, ಚೀಯೋನನ್ನು ಹೊಲದಂತೆ ಉಳಲಾಗುವುದು ಎಂದು ಹಿಜ್ಕೀಯನ ದಿನಗಳಲ್ಲಿ ಪ್ರವಾದಿ ಮೀಕನು ಹೇಳಿರಲಿಲ್ಲವೇ, ಆ ಅರಸನು ಅವನನ್ನು ಕೊಂದನೇ ಎಂದು ಕೇಳುತ್ತಾರೆ. ಒಂದು ಶತಮಾನದ ಹಿಂದಿನ ಶಾಪವಚನವನ್ನು ಅವರು ಬಾಯಿಪಾಠದಂತೆ ಒಪ್ಪಿಸಿದ ಈ ಸಂಗತಿ ಮುಖ್ಯವೆಂದು ನನಗೆ ತೋರುತ್ತದೆ. ನಗರದ ಅಜೇಯತೆಯ ಹಾಡು ಮತ್ತು ಅದರ ನಾಶದ ಮಾತು ಒಂದೇ ಸಮಾಜದ ನೆನಪಿನಲ್ಲಿ ಅಕ್ಕಪಕ್ಕದಲ್ಲೇ ಉಳಿದುಕೊಂಡಿದ್ದವು.

ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಕ್ರಿ.ಪೂ. 587 ಅಥವಾ 586ರಲ್ಲಿ ನಗರವನ್ನೂ ದೇವಾಲಯವನ್ನೂ ಸುಟ್ಟಿತು. ಆ ನಾಶದ ಕಾವ್ಯವೇ ಬೈಬಲಿನ ಪ್ರಲಾಪಗಳು ಎಂಬ ಗ್ರಂಥ. ಐದು ಪದ್ಯಗಳಲ್ಲಿ ನಾಲ್ಕು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಸರಣಿಯನ್ನು ಹಿಡಿದು ಸಾಗುತ್ತವೆ. ಎದೆಯೊಡೆದ ದುಃಖಕ್ಕೆ ಅಷ್ಟು ಬಿಗಿಯಾದ ಕಟ್ಟು. ನಗರ ಇಲ್ಲಿ ವಿಧವೆ, ಮಕ್ಕಳನ್ನು ಕಳೆದುಕೊಂಡ ತಾಯಿ. ಎರಡನೆಯ ಪದ್ಯದಲ್ಲಿ ದಾರಿಹೋಕರು ಚಪ್ಪಾಳೆ ತಟ್ಟಿ, ಸಿಳ್ಳು ಹಾಕಿ, ಲೋಕಕ್ಕೆಲ್ಲ ಆನಂದಕರವೆನಿಸಿಕೊಂಡ ನಗರ ಇದೇನಾ ಎಂದು ಕೇಳುತ್ತಾರೆ. ಅದು 48ನೆಯ ಕೀರ್ತನೆಯ ಸಾಲು. ಯಾತ್ರಿಕರ ಸ್ತುತಿ ಪರಕೀಯರ ಬಾಯಲ್ಲಿ ಅಣಕವಾಗಿದೆ. ಅದಕ್ಕಿಂತ ಕಟುವಾದ ಸಂಗತಿಯೆಂದರೆ, ಆ ಪದ್ಯದ ಕವಿ ಬಾಬೆಲನ್ನು ಹೆಸರಿಸುವುದೇ ಇಲ್ಲ. ಬಿಲ್ಲು ಬಗ್ಗಿಸಿದವನು, ಗೋಡೆ ಕೆಡವಲು ನೂಲು ಹಿಡಿದು ಅಳತೆ ಮಾಡಿದವನು ಯೆಹೋವನೇ.

ನಗರ ಬಿದ್ದಾಗ ಅದರ ದೇವರೂ ಸೋತನೆಂದು ಹೇಳುವುದು ಅಂದಿನ ಸಮೀಪಪ್ರಾಚ್ಯದಲ್ಲಿ ಸುಲಭವಾಗಿತ್ತು. ಆ ತೀರ್ಮಾನಕ್ಕೆ ಅಡ್ಡಬಂದವರು ಹಿಂದೆ ದೇಶದ್ರೋಹಿಗಳೆನಿಸಿಕೊಂಡ ಪ್ರವಾದಿಗಳ ಸಾಲಿನವರು. ಯೆಹೆಜ್ಕೇಲನು ಬಾಬೆಲಿನ ಸೀಮೆಯಲ್ಲಿ, ಯೆಹೂದದಿಂದ ಸೆರೆಯೊಯ್ಯಲ್ಪಟ್ಟವರ ನಡುವೆ ಕುಳಿತು ಕಂಡ ದರ್ಶನದಲ್ಲಿ ದೇವರ ಮಹಿಮೆಯು ಹಂತಹಂತವಾಗಿ, ಮನಸ್ಸಿಲ್ಲದವರಂತೆ, ಮೊದಲು ಹೊಸ್ತಿಲಿಗೆ, ಅಲ್ಲಿಂದ ಮೂಡಣ ಬಾಗಿಲಿಗೆ, ಕೊನೆಗೆ ನಗರದ ಮೂಡಣ ಬೆಟ್ಟಕ್ಕೆ ಸರಿದುಹೋಗುತ್ತದೆ. ದೇವರು ಮೊದಲೇ ಎದ್ದುಹೋಗಿದ್ದರೆ ಶತ್ರು ಸುಟ್ಟದ್ದು ಬರಿದಾದ ಮನೆ. ಹೋದವನು ಬಂದ ದಾರಿಯಲ್ಲೇ ಮರಳಬಹುದು. ಅದೇ ಗ್ರಂಥದ 43ನೆಯ ಅಧ್ಯಾಯದಲ್ಲಿ ಆ ಮಹಿಮೆಯು ಮೂಡಣ ಬಾಗಿಲಿನಿಂದಲೇ ಒಳಬರುತ್ತದೆ, 47ರಲ್ಲಿ ಹೊಸ ಆಲಯದ ಹೊಸ್ತಿಲಡಿಯಿಂದ ಉಕ್ಕಿದ ನೀರು ಹೊಳೆಯಾಗಿ ಲವಣಸಮುದ್ರವನ್ನೇ (ಇಂದಿನ ಮೃತಸಮುದ್ರ) ಸಿಹಿಯಾಗಿಸುತ್ತದೆ. ಯೆಶಾಯನ ಗ್ರಂಥದ ಉತ್ತರಭಾಗದ ಕವಿಯಂತೂ, ಯೆಹೋವನು ನನ್ನನ್ನು ಮರೆತನು ಎಂದು ಅಳುವ ಚೀಯೋನಿಗೆ, ನಿನ್ನನ್ನು ನನ್ನ ಅಂಗೈಗಳಲ್ಲಿ ಕೆತ್ತಿಕೊಂಡಿದ್ದೇನೆ ಎಂದು ದೇವರಿಂದಲೇ ಉತ್ತರ ಕೊಡಿಸುತ್ತಾನೆ.

ನಗರ ಹೀಗೆ ವಾಸಸ್ಥಳವಾಗುವುದಕ್ಕಿಂತ ಹೆಚ್ಚಾಗಿ ದಿಕ್ಕಾಯಿತು. ಅರಸುಗಳ ಮೊದಲನೆಯ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಸೊಲೊಮೋನನ ಬಾಯಲ್ಲಿ ಬರುವ ಪ್ರಾರ್ಥನೆಯು ಸೆರೆಯ ದೇಶದಿಂದಲೇ ಈ ಪಟ್ಟಣದ ಕಡೆಗೆ ತಿರುಗಿ ಬೇಡುವವರನ್ನು ನೆನೆಯುತ್ತದೆ. ಸೆರೆಯ ದೇಶದಲ್ಲಿದ್ದ ದಾನಿಯೇಲನು ದಿನಕ್ಕೆ ಮೂರು ಸಲ ಯೆರೂಸಲೇಮಿನ ಕಡೆಯ ಕಿಟಕಿಗಳನ್ನು ತೆರೆದಿಟ್ಟು ಮೊಣಕಾಲೂರುತ್ತಾನೆ.

ಪರಿಶುದ್ಧ ಪಟ್ಟಣ ಎಂಬ ಬಿರುದು ಬಳಕೆಗೆ ಬರುವುದೂ ಸೆರೆವಾಸದ ಮತ್ತು ಅದರ ನಂತರದ ಬರಹಗಳಲ್ಲಿಯೇ. ಕ್ರಿ.ಪೂ. 515ರಲ್ಲಿ ದೇವಾಲಯ ಮತ್ತೆ ಎದ್ದಿತು. 445ರಲ್ಲಿ ಪರ್ಷಿಯದ ಅರಸನ ಅಧಿಪತಿಯಾಗಿ ಬಂದ ನೆಹೆಮೀಯನು ಗೋಡೆಗಳನ್ನು ಕಟ್ಟಿಸಿದನು. ಊರು ವಿಶಾಲವಾಗಿತ್ತು, ಒಳಗೆ ಮನೆಗಳಿರಲಿಲ್ಲ, ಬಂದು ನೆಲೆಸಲು ಜನ ಸಿದ್ಧರಿರಲಿಲ್ಲ. ಹತ್ತರಲ್ಲಿ ಒಬ್ಬರು ಯೆರೂಸಲೇಮೆಂಬ ಪರಿಶುದ್ಧ ಪಟ್ಟಣದಲ್ಲಿ ವಾಸಿಸಬೇಕೆಂದು ಚೀಟು ಹಾಕಲಾಯಿತೆಂದೂ, ಸ್ವಂತ ಇಚ್ಛೆಯಿಂದ ಹೋಗಲೊಪ್ಪಿದವರನ್ನು ಜನರೆಲ್ಲ ಹರಸಿದರೆಂದೂ ನೆಹೆಮೀಯನ ಗ್ರಂಥದ ಹನ್ನೊಂದನೆಯ ಅಧ್ಯಾಯ ದಾಖಲಿಸುತ್ತದೆ.