ಮೊಸರಿಗೆ ಎಷ್ಟು ಗೆರೆ?

16 ಜೂನ್ 2024, ಭಾನುವಾರ
ತಿಪಟೂರು, ರಾತ್ರಿ 10.40

ಇವತ್ತಿನ ಭಾನುವಾರ ಪೂರ್ತಿ ಒಂದು ಮೊಸರಿನ ಹಿಂದೆ ಹೋಯಿತು.

19 ವರ್ಷದಿಂದ ಮಕ್ಕಳ ಕೈಲಿ ಬಿಟ್ಟ ಸ್ಥಳ ತುಂಬಿಸುತ್ತಾ ಬಂದವಳು ನಾನು. ಬೇಸಿಗೆ ರಜೆಯಲ್ಲಿ ಮಗ ಲ್ಯಾಪ್‌ಟಾಪಿಗೆ ಪೈಥಾನ್ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಹಾಕಿಕೊಟ್ಟು, "ಏನಾದ್ರೂ ಸಣ್ಣದು ಮಾಡಮ್ಮ, ಬರೀ ವಿಡಿಯೋ ನೋಡ್ತಾ ಕೂತ್ರೆ ಬರಲ್ಲ" ಅಂದಾಗ ಬೇರೇನು ಹೊಳೆದೀತು? ಗಾದೆಯಲ್ಲಿ ಒಂದು ಪದ ತೆಗೆಯುವುದು, ಆ ಪದಕ್ಕೆ ಎಷ್ಟು ಅಕ್ಷರವೋ ಅಷ್ಟು ಗೆರೆ ತೋರಿಸುವುದು, ಸರಿಯಾಗಿ ಬರೆದರೆ ಒಂದು ಅಂಕ, ಮೂರು ಸಲ ತಪ್ಪಿದರೆ ಉತ್ತರ ಹೇಳಿಬಿಡುವುದು. ಮೂವತ್ತು ಸಾಲಿನ ಕೆಲಸ ಅಂದುಕೊಂಡಿದ್ದೆ. ಸಾಲೇನೋ ಮೂವತ್ತೇ.

ಗಾದೆಗಳನ್ನು ಹೊಸದಾಗಿ ಟೈಪ್ ಮಾಡುವ ಸೋಮಾರಿತನಕ್ಕೆ ಹಳೆಯ ಫೈಲೊಂದನ್ನು ಹುಡುಕಿ ತೆಗೆದೆ. ಎಂದೋ ಹಳೇ ಫಾಂಟಿನಲ್ಲಿ ಕುಟ್ಟಿದ 38 ಗಾದೆ. ಯಾವುದೋ ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಂಡೆ, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿಗೆ ತಂದೆ. ಸೋಮಾರಿತನದ ಬಡ್ಡಿ ಆಮೇಲೆ ಕಟ್ಟಬೇಕಾಯಿತು.

ಮೊದಲ ಸಲ ಓಡಿಸಿದಾಗ ಫೈಲೇ ತೆರೆಯಲಿಲ್ಲ. ಕೆಂಪಕ್ಷರದಲ್ಲಿ, '0x81 ಅನ್ನೋ ಬೈಟ್ ನನಗೆ ಓದಲು ಬರುವುದಿಲ್ಲ' ಎಂಬರ್ಥದ ಬೈಗುಳ. ಬೈಟ್ ಅಂದರೆ ಕಂಪ್ಯೂಟರ್ ಅಕ್ಷರವನ್ನು ಕೂಡಿಡುವ ಅಂಕಿಯ ತುಣುಕು. ಮಗನಿಗೆ ಫೋನ್ ಮಾಡಿದೆ. ವಿಂಡೋಸ್‌ನಲ್ಲಿ ಹೇಳದೇ ಹೋದರೆ ಪೈಥಾನ್ ಫೈಲನ್ನು ಇಂಗ್ಲಿಷಿನವರ ಹಳೇ ಪಟ್ಟಿ ಹಿಡಿದು ಓದುತ್ತದಂತೆ. ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 (ಯೂನಿಕೋಡನ್ನು ಬೈಟುಗಳಲ್ಲಿ ಬರೆಯುವ ಕ್ರಮ) ಎಂದು ಬರೆದ ಮೇಲೆ ಸುಮ್ಮನಾಯಿತು. ಕುತೂಹಲಕ್ಕೆ ಹುಡುಕಿ ನೋಡಿದರೆ ಆ 81 ನಮ್ಮ ಕೊಂಬಿನ ಬಾಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. 'ು'ಗೆ ಮೂರನೆಯದು 81. ಮೊದಲ ಗಾದೆ 'ಕೈ ಕೆಸರಾದರೆ ಬಾಯಿ ಮೊಸರು'. ಕಡೆಯ 'ರು'ವಿನ ಕೊಂಬಿಗೆ ಬಂದು ಎಡವಿದೆ, ಪಾಪ.

ಅತ್ತೆ ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು. ಪರದೆಯ ಮೇಲೆ: ಕೈ ಕೆಸರಾದರೆ ಬಾಯಿ, ಆಮೇಲೆ ಆರು ಗೆರೆ.

"ಆರು ಯಾಕಮ್ಮ? ಮೊಸರು ಅಂದ್ರೆ ಮೂರೇ ಅಕ್ಷರ ಅಲ್ವಾ?"

"ಅದು ಕಂಪ್ಯೂಟರ್ ಲೆಕ್ಕ ಅತ್ತೆ" ಅಂದೆ, ದೊಡ್ಡದಾಗಿ ಗೊತ್ತಿರುವವಳ ಹಾಗೆ. 'ಮೊಸರು' ಎಂದು ಬರೆದೆ. ತಪ್ಪು ಅಂತು. ಮತ್ತೆ ಬರೆದೆ. ತಪ್ಪು. ಮೂರನೇ ಸಲವೂ ತಪ್ಪಾಗಿ, ಸರಿಯುತ್ತರ ಮೊಸರು ಎಂದು ಅದೇ ನನಗೆ ಪಾಠ ಹೇಳಿತು. ಅತ್ತೆ ಮಾತಾಡದೆ ಲೋಟ ಎತ್ತಿಕೊಂಡು ಒಳಗೆ ಹೋದರು.

ಮಧ್ಯಾಹ್ನದ ತನಕ, ಉತ್ತರ ಸರಿಯೇ ಎಂದು ಹೋಲಿಸುವ ಇಫ್ ಸಾಲನ್ನೇ ದಿಟ್ಟಿಸಿದೆ. ಹಿಂದೆ ಮುಂದೆ ಖಾಲಿ ಜಾಗ ಉಳಿದಿರಬಹುದೆಂದು ಸ್ಟ್ರಿಪ್ ಹಾಕಿದೆ, ಉಪಯೋಗವಿಲ್ಲ. ಕೊನೆಗೆ ಅತ್ತೆಯ ಪ್ರಶ್ನೆಯೇ ದಾರಿ ತೋರಿಸಿತು. ನಾನು ಟೈಪ್ ಮಾಡಿದ ಮೊಸರಿನ ಉದ್ದ ಕೇಳಿದರೆ ಐದು ಅಂತು. ಫೈಲಿನ ಮೊಸರು ಆರು. ಎರಡು ಮೊಸರನ್ನೂ ಫಾರ್ ಲೂಪಿಗೆ ಹಾಕಿ ಒಂದೊಂದೇ ಚೂರು ಕೆಳಗೆ ಕೆಳಗೆ ಮುದ್ರಿಸಿದೆ. ನನ್ನದರಲ್ಲಿ ಮ, ಒತ್ವ, ಸ, ರ, ಕೊಂಬು. ಫೈಲಿನದರಲ್ಲಿ ಮ, ಎತ್ವ, ಕೊಂಬಿನ ಇಳಿ, ಸ, ರ, ಕೊಂಬು.

ನಗು ಬಂತು. ಒಂದನೇ ಕ್ಲಾಸಿನಲ್ಲಿ ಕಾಗುಣಿತ ತಿದ್ದಿಸುವಾಗ ನಾನು ಹೇಳಿಕೊಡುವುದೂ ಹಾಗೇ: ಮೊದಲು ಎತ್ವ ಬರಿ, ಅದಕ್ಕೆ ಕೊಂಬಿನ ಇಳಿ ಸೇರಿಸು, ಒತ್ವ ಆಯ್ತು. ಪರಿವರ್ತಕ ಸ್ಲೇಟು ಹಿಡಿದ ಮಗುವಿನಂತೆ ಬಿಡಿಸಿ ಬರೆದಿತ್ತು, ನನ್ನ ಕೀಲಿಮಣೆ ಒಂದೇ ಏಟಿಗೆ ಇಡೀ ಒತ್ವ ಕೊಟ್ಟಿತ್ತು. ಕಣ್ಣಿಗೆ ಕೂದಲೆಳೆ ವ್ಯತ್ಯಾಸವಿಲ್ಲ. ಯೂನಿಕೋಡಿನವರೂ ಇವೆರಡು ಸಮ ಎಂದೇ ಬರೆದಿಟ್ಟಿದ್ದಾರೆ. ಆದರೆ ಪೈಥಾನಿನ 'ಸಮವೇ?' ಎಂಬ ಪ್ರಶ್ನೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲಿನಲ್ಲಿ ನಾರ್ಮಲೈಸ್ ಇದೆ. ಫೈಲಿನ ಪದ, ಆಡುವವರ ಪದ ಎರಡನ್ನೂ ಅದರೊಳಗೆ ಹಾಯಿಸಿ, ಬಿಡಿ ಚಿಹ್ನೆಗಳನ್ನು ಕೂಡಿಸಿ ಬರೆಯುವ 'ಎನ್‌ಎಫ್‌ಸಿ' ರೂಪಕ್ಕೆ ತಂದೆ. ಮೊಸರು ಮೊಸರಾಯಿತು. ಮಗನಿಗೆ ಹೇಳಿದರೆ, "ಇದು ನಮಗೇ ಯಾರೂ ಹೇಳ್ಕೊಟ್ಟಿಲ್ಲ" ಅಂದ. ಸ್ವಲ್ಪ ಬೀಗಿದೆ ಅನ್ನಿ.

ಆದರೂ ಐದು ಗೆರೆ! ಅತ್ತೆಯ ಮೂರಕ್ಕೆ ಇಳಿಸಬೇಕಲ್ಲ. ಸ್ವರಚಿಹ್ನೆ, ಸೊನ್ನೆ, ವಿಸರ್ಗ, ಹಲಂತದ ಗುರುತು, ಇವನ್ನೆಲ್ಲ ಒಂದು ಪಟ್ಟಿ ಮಾಡಿ ಎಣಿಸಬೇಡ ಎಂದೆ. ಮೊಸರು ಮೂರಕ್ಕೆ ಬಂತು, 'ಕನ್ನಡ' ಮಾತ್ರ ನಾಲ್ಕು ಅಂತು. ಒತ್ತಕ್ಷರದ 'ನ'ವನ್ನೂ ಲೆಕ್ಕಕ್ಕೆ ಹಿಡಿದಿತ್ತು. ಹಿಂದಿನದು ಹಲಂತದ ಗುರುತಾಗಿದ್ದರೆ ಈ ವ್ಯಂಜನವನ್ನೂ ಬಿಡು ಎಂದು ಇನ್ನೊಂದು ಸಾಲು ಸೇರಿಸಿದೆ. ಪೈಥಾನ್ ಏಳು ಎನ್ನುವ 'ಐಶ್ವರ್ಯ' ಈಗ ಮೂರು. ಛಂದಸ್ಸಿನ ಪಾಠದಲ್ಲಿ ಎಣಿಸುವ ಹಾಗೇ ಎಣಿಸುತ್ತಿದೆ.

ನಡುವೆ ಎರಡು ಗಂಟೆ ಕರೆಂಟ್ ಇರಲಿಲ್ಲ. ಬಟ್ಟೆ ಒಗೆದೆ.

ಸಂಜೆ ಅತ್ತೆ ಹೂ ಕಟ್ಟುತ್ತಾ ಕೂತಿದ್ದಾಗ ಮತ್ತೆ ತೆರೆದೆ. ನಾನು ಓದುವುದು, ಅವರು ಹೇಳುವುದು, ನಾನು ಟೈಪ್ ಮಾಡುವುದು. ಮೊಸರು ಸರಿ. 'ಕುಂಬಾರನಿಗೆ ವರುಷ' ಅನ್ನುವಷ್ಟರಲ್ಲಿ ದೊಣ್ಣೆ ಬಂತು, ಅದೂ ಸರಿ. ಏಳನೆಯದು: ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ, ಎರಡು ಗೆರೆ, ಹಿಡಿದ.

"ಛತ್ರಿ."

ತಪ್ಪು ಅಂತು.

"ಕೊಡೆ ಅತ್ತೆ."

"ನಮ್ಮಮ್ಮ ಛತ್ರಿ ಅಂತಾನೇ ಹೇಳ್ತಿದ್ರು. ಎರಡು ಗೆರೆ ಕೊಟ್ಟಿದ್ದೀಯ. ಛ, ತ್ರಿ. ಎರಡೇ ತಾನೇ?"

ಮೊಸರಿಗೆ ಐದು ಗೆರೆ ಕೊಡುತ್ತಿದ್ದ ಲೆಕ್ಕವೇ ಉಳಿದಿದ್ದರೆ ಕೊಡೆಗೆ ನಾಲ್ಕು, ಛತ್ರಿಗೆ ಐದು ಗೆರೆ ಎಂದು ವಾದಿಸಿ ಗೆಲ್ಲಬಹುದಿತ್ತು. ಅಷ್ಟು ಕಷ್ಟಪಟ್ಟು ಸರಿ ಮಾಡಿದ್ದೇ ನನಗೆ ತಿರುಗಿಬಿತ್ತು.

ಎಷ್ಟೋ ವರ್ಷದ ಹಿಂದೆ ಒಬ್ಬ ಹುಡುಗ ಇದೇ ಗಾದೆಗೆ ಛತ್ರಿ ಅಂತ ಬರೆದಿದ್ದ. ಅರ್ಧ ಅಂಕ ಕೊಟ್ಟಿದ್ದೆ, ಅದನ್ನೂ ದೊಡ್ಡ ಮನಸ್ಸು ಮಾಡಿದವಳ ಹಾಗೆ. ಅವನು ಉತ್ತರಪತ್ರಿಕೆ ಹಿಡಿದು ಬಂದು ಏನೋ ಕೇಳಲು ಹೊರಟವನು, ನನ್ನ ಮುಖ ನೋಡಿ ವಾಪಸ್ ಹೋಗಿ ಕೂತಿದ್ದ.

ಫೈಲ್ ತೆರೆದು ಕೊಡೆಯ ಮುಂದೆ ಅಲ್ಪವಿರಾಮ ಹಾಕಿ ಛತ್ರಿ ಸೇರಿಸಿದೆ. ಇನ್ನು ಪದವನ್ನು ಒಂದೇ ಉತ್ತರಕ್ಕೆ ಹೋಲಿಸುವ ಬದಲು, ಉತ್ತರಗಳ ಪಟ್ಟಿಯೊಳಗೆ ಇದೆಯೇ ಎಂದು ಕೇಳಬೇಕು. ಅರ್ಧ ಅಂಕದ ಗೊಡವೆ ಬೇಡ, ಎರಡಕ್ಕೂ ಒಂದೊಂದು. ಉಳಿದ ಗಾದೆಗಳನ್ನೂ ಅತ್ತೆಯ ಮುಂದೆ ಒಂದೊಂದಾಗಿ ಓದಿ ಕೇಳಬೇಕು. ನಾಳೆ ಬಕ್ರೀದ್ ರಜೆ, ಬೆಳಿಗ್ಗೆಯೇ ಕೂರಬಹುದು. ಅತ್ತೆ ಆಗಲೇ ಮಲಗಿದ್ದಾರೆ. ಮಲಗುವ ಮುಂಚೆ, "ಆ ಕುಂಬಾರನ ಗಾದೆ ಇನ್ನೊಂದು ಥರ ಇದೆ ಕಣಮ್ಮ, ನೆನಪು ಮಾಡು ನಾಳೆ" ಅಂದರು.