ಚಕ್ರದ ಕೆಳಗಿದ್ದ ಹಳೇ ಕಾಫಿ

18 ಗ್ರಾಂ ಪುಡಿಗೆ 36 ಗ್ರಾಂ ಎಸ್ಪ್ರೆಸೊ, ಅಂದರೆ ಮೆಷಿನ್ ಒತ್ತಡದಲ್ಲಿ ಬಿಸಿನೀರು ಹಾಯಿಸಿ ತೆಗೆಯುವ ಗಟ್ಟಿ ಕಾಫಿ, ಇಳಿಯಬೇಕು, ಅದೂ 25ರಿಂದ 30 ಸೆಕೆಂಡಿನಲ್ಲಿ. ನನ್ನದು 11 ಸೆಕೆಂಡಿಗೇ ಮುಗಿದುಹೋಗುತ್ತಿತ್ತು. ನಲ್ಲಿ ಬಿಟ್ಟ ಹಾಗೆ ಸುರಿಯುತ್ತಿತ್ತು. ಕುಡಿದರೆ ಮೊದಲು ಹುಳಿ, ಹಿಂದೆಯೇ ಕಹಿ.

ಕಾಫಿಬೀಜ ಬೀಸುವ ಗ್ರೈಂಡರ್ ಸೆಕೆಂಡ್ ಹ್ಯಾಂಡ್. ನೋಡೋಕೆ ಗಟ್ಟಿಮುಟ್ಟಾಗಿತ್ತು, ಮೋಟರ್ ಸದ್ದೂ ಒಂದೇ ಸಮನಾಗಿತ್ತು. ಹಾಗಾಗಿ ಅದರ ಮೇಲೆ ನನಗೆ ಅನುಮಾನ ಬರಲಿಲ್ಲ. ಮೊದಲು ಬೀಜ ಬದಲಾಯಿಸಿದೆ. ಹುರಿದು ತಿಂಗಳುಗಟ್ಟಲೆ ಆದ ಬೀಜ ಇದ್ದರೆ ನೀರು ಬೇಗ ಹರಿಯುತ್ತದೆ ಅನ್ನೋದು ನಿಜ. ಹುರಿದು ಹತ್ತು ದಿನವಾಗಿದ್ದ ಬೀಜ ಹಾಕಿದರೆ 11 ಹೋಗಿ 14 ಆಯಿತು, ಅಷ್ಟೇ. ಆಮೇಲೆ ಪುಡಿಯನ್ನು ಜೋರಾಗಿ ಒತ್ತಿ ನೋಡಿದೆ. ಅದರಿಂದ ಏನೂ ಆಗಲಿಲ್ಲ.

ಒಂದು ಶನಿವಾರ ಬೆಳಿಗ್ಗೆ, ಇವತ್ತು ಇದನ್ನು ಬಿಚ್ಚಿಯೇ ನೋಡೋಣ ಅಂತ ಕೂತೆ.

ಬಿಚ್ಚುವ ಮುಂಚೆ ಒಂದು ವಿಷಯ ಗಮನಿಸಿದೆ. ಬೀಜ ಹಾಕದೆ ಮೋಟರ್ ಓಡಿಸಿ, ಪುಡಿ ಎಷ್ಟು ನುಣುಪಾಗಬೇಕು ಅಂತ ಹೊಂದಿಸುವ ಮೇಲಿನ ರಿಂಗನ್ನು ನಿಧಾನವಾಗಿ ನುಣುಪಿನ ಕಡೆಗೆ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಕಬ್ಬಿಣ ಉಜ್ಜಿದ ಹಾಗೆ ಸಣ್ಣಗೆ ಚಿರ್ ಅನ್ನುತ್ತದೆ. ಬೀಜ ಬೀಸುವ ಹಲ್ಲಿನ ಚಕ್ರ ಎರಡು, ಮೇಲಿನದು ನಿಂತಿರುತ್ತದೆ, ಕೆಳಗಿನದು ತಿರುಗುತ್ತದೆ. ಅವೆರಡೂ ಮುಟ್ಟಿದ ಜಾಗ ಅದು. ಅದೇ ಸೊನ್ನೆ. ನನ್ನ ಗ್ರೈಂಡರಿನಲ್ಲಿ ಆ ಸದ್ದು ತುಂಬಾ ಬೇಗ ಬರುತ್ತಿತ್ತು. ಚಕ್ರಗಳು ಮುಟ್ಟುತ್ತಿವೆ, ಪುಡಿ ಮಾತ್ರ ಇನ್ನೂ ತರಿತರಿ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಒಂದು ಕಡೆ ಮುಟ್ಟಿ ಇನ್ನೊಂದು ಕಡೆ ಸಂದು ಬಿಟ್ಟಿದ್ದರೆ ಮಾತ್ರ. ಹುಳಿ, ಕಹಿ ಎರಡೂ ಒಂದೇ ಲೋಟದಲ್ಲಿ ಸಿಕ್ಕಿದ್ದಕ್ಕೂ ಇದೇ ಕಾರಣ ಇರಬೇಕು ಅನ್ನಿಸಿತು. ಒಂದೇ ಪುಡಿಯಲ್ಲಿ ಧೂಳೂ ಇದೆ, ತರಿಯೂ ಇದೆ.

ಪ್ಲಗ್ ತೆಗೆದೆ. ಈ ಕೆಲಸ ಯಾರೇ ಮಾಡಲಿ, ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತುಬಿಡಿ. ರಿಂಗ್ ತಿರುಗಿಸಿ ಮೇಲಿನ ಚಕ್ರ ಹೊರಗೆ ತೆಗೆದೆ. ಹಲ್ಲಿನ ಅಂಚಿಗೆ ಉಗುರು ತಾಗಿಸಿ ಎಳೆದರೆ ಉಗುರಿನ ಸಿಪ್ಪೆ ಎದ್ದಿತು. ಅಂದರೆ ಹಲ್ಲು ಮೊಂಡಾಗಿಲ್ಲ. ಹೊಸ ಚಕ್ರ ತರಿಸೋಣ ಅಂದುಕೊಂಡಿದ್ದೆ, ಅದು ತಪ್ಪಿತು.

ಎರಡೂ ಚಕ್ರಗಳ ಹೊರ ಅಂಚಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದೆ. ಮತ್ತೆ ಜೋಡಿಸಿ, ಮುಟ್ಟುವವರೆಗೂ ರಿಂಗ್ ಬಿಗಿದು, ಕೆಳಗಿನ ಚಕ್ರವನ್ನು ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ ಬಿಚ್ಚಿ ನೋಡಿದೆ. ಮೇಲಿನ ಚಕ್ರದಲ್ಲಿ ಕಪ್ಪು ಸುತ್ತಲೂ ಅಳಿಸಿಹೋಗಿತ್ತು. ಕೆಳಗಿನದರಲ್ಲಿ ಮಾತ್ರ ಒಂದೇ ಪಕ್ಕ, ಎರಡು ಬೆರಳಗಲದಷ್ಟು. ಆ ಗುರುತು ನೋಡಿ ನಿಜಕ್ಕೂ ಖುಷಿಯಾಯಿತು. ತಿರುಗುವ ಚಕ್ರ ಓರೆಯಾಗಿದ್ದರೆ ಅದರ ಎತ್ತರದ ಭಾಗ ಒಂದು ಸುತ್ತು ಬರುವಾಗ ಮೇಲಿನದನ್ನೆಲ್ಲ ಸವರಿಕೊಂಡು ಹೋಗುತ್ತದೆ ಅಲ್ವಾ? ತಪ್ಪು ಕೆಳಗಿನದರಲ್ಲೇ.

ಮೂರು ಸ್ಕ್ರೂ ಬಿಚ್ಚಿ ಅದನ್ನು ಎತ್ತಿದೆ. ಕೆಳಗೆ ಸಿಕ್ಕಿದ್ದು ಕಾಫಿ. ಎಷ್ಟು ವರ್ಷದ್ದೋ, ಎಣ್ಣೆ ಹಿಡಿದು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಒಂದು ಪಕ್ಕದಲ್ಲೇ ಜಾಸ್ತಿ. ದಪ್ಪ ಅಂದರೆ ಒಂದು ಹಾಳೆಯಷ್ಟು ಇದ್ದೀತು. ಎಸ್ಪ್ರೆಸೊಗೆ ಅಷ್ಟು ಸಾಕು, ಇಲ್ಲಿ ಕೂದಲೆಳೆಯ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಬ್ರಷ್‌ಗೆ ಅದು ಬಗ್ಗಲಿಲ್ಲ. ಹಲ್ಲುಕಡ್ಡಿಯಿಂದ ಮೀಟಿ ಮೀಟಿ ತೆಗೆಯಬೇಕಾಯಿತು. ಸ್ಕ್ರೂ ತೂತುಗಳ ಸುತ್ತಲೇ ಅರ್ಧ ಗಂಟೆ ಹೋಯಿತು. ನೀರು ಮುಟ್ಟಿಸಲಿಲ್ಲ, ಉಕ್ಕು ತುಕ್ಕು ಹಿಡಿಯುತ್ತದೆ. ಅಕ್ಕಿ ಹಾಕಿ ಓಡಿಸಿದರೆ ಕ್ಲೀನ್ ಆಗುತ್ತೆ ಅಂತ ಕೆಲವರು ಹೇಳುತ್ತಾರೆ. ನಾನಂತೂ ಬೇಡ ಅನ್ನುತ್ತೇನೆ. ಅಕ್ಕಿ ಕಾಫಿಬೀಜಕ್ಕಿಂತ ಗಟ್ಟಿ, ಮೋಟರಿಗೆ ಭಾರ. ಸಾಲದ್ದಕ್ಕೆ ಚಕ್ರದ ಕೆಳಗೆ ಅಂಟಿದ್ದು ಅದಕ್ಕೆ ಸಿಗುವುದೇ ಇಲ್ಲ. ಮೇಲಿನ ರಿಂಗಿನ ತಿರುಪು ಗೆರೆಗಳಲ್ಲೂ ಪುಡಿ ತುಂಬಿತ್ತು, ಅದನ್ನೂ ಉಜ್ಜಿ ತೆಗೆದೆ.

ಮತ್ತೆ ಜೋಡಿಸುವಾಗ ಒಂದು ಸ್ಕ್ರೂವನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಲಿಲ್ಲ. ಮೂರನ್ನೂ ಸ್ವಲ್ಪ ಸ್ವಲ್ಪವೇ, ಸರದಿಯಲ್ಲಿ ಬಿಗಿದೆ. ಪುನಃ ಕಪ್ಪು ಬಳಿದು ನೋಡಿದರೆ ಈ ಸಲ ಕೆಳಗಿನ ಚಕ್ರದಲ್ಲೂ ಸುತ್ತಲೂ ಅಳಿಸಿತ್ತು, ಒಂದು ಸಣ್ಣ ಚೂರು ಬಿಟ್ಟು. ಆ ಕಪ್ಪನ್ನೆಲ್ಲ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಆರಲು ಬಿಟ್ಟು, ಮುಚ್ಚಿದೆ.

ಮೊದಲ ಶಾಟ್, ಅಂದರೆ ಒಂದು ಸಲದ ಎಸ್ಪ್ರೆಸೊ, ಇಳಿಯಲೇ ಇಲ್ಲ. 40 ಸೆಕೆಂಡ್ ಕಾದರೂ ನಾಲ್ಕು ಹನಿ. ಇಷ್ಟು ದಿನ ಸುರಿಯುತ್ತಿದ್ದದ್ದು ಈಗ ಕಟ್ಟಿಕೊಂಡಿದೆ! ಮೋಟರ್ ಓಡುತ್ತಿರುವಾಗಲೇ ರಿಂಗನ್ನು ತರಿಯ ಕಡೆಗೆ ತಿರುಗಿಸಿದೆ. ಒಳಗೆ ಹಳೇ ಅಳತೆಯ ಪುಡಿ ಉಳಿದಿರುತ್ತದೆ, ಅದಕ್ಕೆ ಸ್ವಲ್ಪ ಬೀಜ ಬೀಸಿ ಚೆಲ್ಲಿದೆ. ಎರಡನೆಯದು 19 ಸೆಕೆಂಡ್. ಒಂದು ಕೂದಲಷ್ಟು ಹಿಂದಕ್ಕೆ ತಂದೆ. ಮೂರನೆಯದು ಮೊದಲು ಹನಿ ಹನಿಯಾಗಿ, ಆಮೇಲೆ ಜೇನಿನ ಎಳೆಯ ಹಾಗೆ ಇಳಿಯಿತು. ತಕ್ಕಡಿ 36 ತೋರಿಸಿದಾಗ ಗಡಿಯಾರದಲ್ಲಿ 28. ರಿಂಗ್ ನಿಂತ ಜಾಗಕ್ಕೆ ಅದೇ ಮಾರ್ಕರಿನಿಂದ ಒಂದು ಗೆರೆ ಹಾಕಿ, ಲೋಟ ಎತ್ತಿಕೊಂಡೆ.